ಸಂಪಾದಕರೇ ಉಲ್ಲೇಖ ಕೇಳಿದರೆ ದೂರು ಯಾರಿಗೆ?

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ವಿದೇಶಿ ಪ್ರಕಾಶನ ಸಂಸ್ಥೆಯೊಂದರ, ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಜರ್ನಲ್‌ಗೆ ಲೇಖನ ಕಳುಹಿಸಿದ್ದೆ. ಎಂಟು ತಿಂಗಳ ನಂತರ, ಲೇಖನವನ್ನು ಪರಿಶೀಲಿಸಿದ ವಿಷಯತಜ್ಞರಾದ ಇಬ್ಬರು ರಿವ್ಯೂವರ್‌ಗಳೂ ಸಣ್ಣಪುಟ್ಟ ತಿದ್ದುಪಡಿ ಮಾಡಿಸಿ ಪ್ರಕಟಿಸಬಹುದೆಂದು ಬರೆದರು. ಅದರ ಕೆಳಗೆ ಸಂಪಾದಕರು, "ಕಳೆದ ಎರಡು ವರ್ಷಗಳಲ್ಲಿ ನಮ್ಮ ಜರ್ನಲ್‌ನಲ್ಲಿ ಬಂದ ಕನಿಷ್ಠ ಆರು ಲೇಖನಗಳನ್ನು ಉಲ್ಲೇಖಿಸಿ" ಎಂದು ಸೇರಿಸಿದ್ದರು. ಯಾವ ಲೇಖನಗಳು, ಯಾವ ಕಾರಣಕ್ಕೆ ಎಂದು ವಿನಯದಿಂದಲೇ ಕೇಳಿದೆ. ಮೂರು ವಾರಗಳ ಬಳಿಕ "ಜರ್ನಲ್‌ನ ವ್ಯಾಪ್ತಿಗೆ ಬರುವುದಿಲ್ಲ" ಎಂಬ ತಿರಸ್ಕಾರದ ಪತ್ರ ಬಂತು. ಇದು ದುರ್ನಡತೆಯೇ? ದೂರು ಯಾರಿಗೆ ಕೊಡಬೇಕು? ಸಂಪಾದಕರನ್ನು ಕೇಳುವವರೇ ಇಲ್ಲವೇ? ಸುಮ್ಮನೆ ಆರು ಲೇಖನಗಳನ್ನು ಸೇರಿಸಿಬಿಡಬೇಕಿತ್ತು ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ಉತ್ತರ: ನೀವು ಬರೆದಿರುವುದರಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಅವನ್ನು ಬಿಡಿಸದೆ ದೂರು ಬರೆದರೆ ಅದು ಮೊದಲ ಮೇಜಿನಲ್ಲೇ ಬಿದ್ದುಹೋಗುತ್ತದೆ. ಆರು ಲೇಖನಗಳನ್ನು ಉಲ್ಲೇಖಿಸಿ ಎಂಬ ಬೇಡಿಕೆ ಸಂಪಾದಕೀಯ ದುರ್ನಡತೆಯೇ ಹೌದು, ಆ ಬಗ್ಗೆ ನನಗೆ ಸಂದೇಹವಿಲ್ಲ. ರಿವ್ಯೂವರ್‌ಗಳು ಒಪ್ಪಿದ ಲೇಖನವನ್ನು ತಿರಸ್ಕರಿಸಿದ್ದು ಮಾತ್ರ ತನ್ನಷ್ಟಕ್ಕೆ ದುರ್ನಡತೆಯಲ್ಲ. ರಿವ್ಯೂವರ್‌ಗಳು ಕೊಡುವುದು ಸಲಹೆ, ತೀರ್ಮಾನ ಸಂಪಾದಕರದು. ಎಂಟು ತಿಂಗಳು ಕಾಯಿಸಿ, ಕೊನೆಗೆ ವ್ಯಾಪ್ತಿಗೆ ಬರುವುದಿಲ್ಲ ಎನ್ನುವುದು ಕೆಟ್ಟ ಕೆಲಸಗಾರಿಕೆಯಷ್ಟೇ. ಮೊದಲ ವಾರದಲ್ಲೇ ಹೇಳಬಹುದಾಗಿದ್ದ ಮಾತು ಅದು. ತಿರಸ್ಕಾರವನ್ನು ಸೇಡಿನ ಕ್ರಮವೆಂದು ತೋರಿಸಲು ನಿಮ್ಮ ಬಳಿ ಇರುವುದು ದಿನಾಂಕಗಳ ಅನುಕ್ರಮ ಮಾತ್ರ. ಬೇಡಿಕೆಗಾದರೋ ಸಂಪಾದಕರದೇ ಬರಹದ ಸಾಕ್ಷ್ಯವಿದೆ.

ಆ ಬೇಡಿಕೆಯನ್ನು ಇನ್ನೊಮ್ಮೆ ಓದಿ ನೋಡಿ. ನಿಮ್ಮ ಲೇಖನದಲ್ಲಿ ಯಾವ ವಾದಕ್ಕೆ ಆಧಾರ ಸಾಲದು, ಯಾವ ಹಿಂದಿನ ಅಧ್ಯಯನ ಬಿಟ್ಟುಹೋಗಿದೆ ಎಂಬ ಮಾತು ಅದರಲ್ಲಿಲ್ಲ. ಯಾವುದೇ ಲೇಖನದ ಹೆಸರೂ ಇಲ್ಲ. ಇರುವುದು ಒಂದು ಸಂಖ್ಯೆ, ಒಂದು ಜರ್ನಲ್ ಮತ್ತು ಒಂದು ಕಾಲಾವಧಿ. ಆ ಎರಡು ವರ್ಷಗಳು ಆಕಸ್ಮಿಕವಾಗಿ ಬಂದವಲ್ಲ. ಕ್ಲಾರಿವೇಟ್ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ, ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಆ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ. ಹತ್ತು ವರ್ಷ ಹಳೆಯ, ನಿಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಅತ್ಯುತ್ತಮ ಲೇಖನವೊಂದು ಅದೇ ಜರ್ನಲ್‌ನಲ್ಲಿದ್ದರೂ ಈ ಲೆಕ್ಕಕ್ಕೆ ಅದು ಬಾರದು. ಆದ್ದರಿಂದಲೇ, ವಿಷಯವನ್ನು ಹೇಳದೆ ವರ್ಷಗಳನ್ನು ಮಾತ್ರ ಹೇಳುವ ಸಂಪಾದಕರು ತಮ್ಮ ಉದ್ದೇಶವನ್ನು ತಾವೇ ಬರೆದುಕೊಟ್ಟಂತಾಗುತ್ತದೆ.

ನೀವು ಒಬ್ಬರೇ ಇದಕ್ಕೆ ಸಿಕ್ಕಿದವರೂ ಅಲ್ಲ. ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದ ಅಲನ್ ವಿಲ್‌ಹೈಟ್ ಮತ್ತು ಎರಿಕ್ ಫಾಂಗ್ ಅವರು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಹಾಗೂ ವಾಣಿಜ್ಯ-ನಿರ್ವಹಣಾ ವಿಭಾಗಗಳ ಸಂಶೋಧಕರನ್ನು ಪ್ರಶ್ನಿಸಿ, ಬಂದ 6,672 ಉತ್ತರಗಳ ವಿಶ್ಲೇಷಣೆಯನ್ನು 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಥ ಒತ್ತಾಯ ತಮ್ಮ ಮೇಲೆ ಬಂದಿತ್ತೆಂದು ಸುಮಾರು ಐವರಲ್ಲಿ ಒಬ್ಬರು ಹೇಳಿದ್ದರು. ಅದಕ್ಕಿಂತ ಮುಖ್ಯವಾದದ್ದು ಒತ್ತಾಯ ಯಾರ ಮೇಲೆ ಹೆಚ್ಚು ಬೀಳುತ್ತದೆ ಎಂಬುದು: ಸಹಲೇಖಕರು ಕಡಿಮೆ ಇರುವ, ಇನ್ನೂ ಸಹಾಯಕ ಪ್ರಾಧ್ಯಾಪಕ ಹುದ್ದೆಯಲ್ಲಿರುವ ಲೇಖಕರ ಮೇಲೆ. ಬಡ್ತಿಗೆ ಪ್ರಕಟಣೆ ಬೇಕಾದವರು ಎದುರಾಡುವುದಿಲ್ಲ ಎಂಬ ಲೆಕ್ಕಾಚಾರ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಆದರೂ ಜರ್ನಲ್‌ನ ಒಳಗಿನ ಉಲ್ಲೇಖ ಹೆಚ್ಚಿದ್ದ ಮಾತ್ರಕ್ಕೆ ಮೋಸ ನಡೆದಿದೆ ಎನ್ನಲಾಗದು. 2020ರಲ್ಲಿ ಕ್ಲಾರಿವೇಟ್ ಸಂಸ್ಥೆಯು ಪ್ರಾಣಿ ವರ್ಗೀಕರಣದ 'ಝೂಟ್ಯಾಕ್ಸಾ' ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು ಸ್ವಉಲ್ಲೇಖ ಅತಿಯಾಯಿತೆಂಬ ಕಾರಣ ಕೊಟ್ಟು ತಡೆಹಿಡಿದಾಗ, ಜಗತ್ತಿನ ವರ್ಗೀಕರಣ ತಜ್ಞರು ಒಟ್ಟಾಗಿ ಪ್ರತಿಭಟಿಸಿದರು. ಹೊಸ ಪ್ರಭೇದಗಳ ವಿವರಣೆಗಳ ದೊಡ್ಡ ಪಾಲು ಆ ಒಂದೇ ಜರ್ನಲ್‌ನಲ್ಲಿ ಬರುವಾಗ ಅದನ್ನೇ ಉಲ್ಲೇಖಿಸದೆ ಬೇರೆ ದಾರಿಯಿಲ್ಲ ಎಂಬ ಅವರ ವಾದವನ್ನು ಕ್ಲಾರಿವೇಟ್ ಒಪ್ಪಿ, ಕೆಲವೇ ವಾರಗಳಲ್ಲಿ ಕ್ರಮವನ್ನು ಹಿಂತೆಗೆದುಕೊಂಡಿತು. ನಿಮ್ಮ ದೂರಿನಲ್ಲಿ "ಈ ಜರ್ನಲ್ ತನ್ನನ್ನೇ ಉಲ್ಲೇಖಿಸಿಕೊಳ್ಳುತ್ತದೆ" ಎಂಬ ಸಾಮಾನ್ಯ ಆರೋಪ ಬೇಡ ಎನ್ನುವುದು ಇದಕ್ಕಾಗಿಯೇ.

ಈಗ ನಿಮ್ಮ ದೊಡ್ಡ ಪ್ರಶ್ನೆ: ಕೇಳುವವರೇ ಇಲ್ಲವೇ? ಕಾಗದದ ಮೇಲೆ ಇದ್ದಾರೆ. ಆದರೆ ಸಂಪಾದಕರು ಹೊಣೆ ಹೊರಬೇಕಾಗಿ ಬಂದ ಪ್ರಕರಣಗಳ ಚರಿತ್ರೆಯನ್ನು ನೋಡಿದರೆ, ವಿಷಯವನ್ನು ಬೆಳಕಿಗೆ ತಂದವರು ಬಹುತೇಕ ಹೊರಗಿನವರೇ. ಎರಡು ಪ್ರಕರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ದೂರನ್ನು ಹೇಗೆ ಬರೆಯಬೇಕೆಂಬುದು ಅವುಗಳಿಂದಲೇ ತಿಳಿಯುತ್ತದೆ.

ಎಲ್ಸೆವಿಯರ್ ಪ್ರಕಟಿಸುವ 'ಕೇಯಾಸ್, ಸಾಲಿಟಾನ್ಸ್ ಅಂಡ್ ಫ್ರ್ಯಾಕ್ಟಲ್ಸ್' ಎಂಬ ಜರ್ನಲ್‌ನ ಸ್ಥಾಪಕ ಸಂಪಾದಕರು ಮೊಹಮ್ಮದ್ ಎಲ್ ನಾಶೀ. ತಾವೇ ಸಂಪಾದಕರಾಗಿದ್ದ ಆ ಜರ್ನಲ್‌ನಲ್ಲಿ ಅವರು ವರ್ಷಗಳ ಕಾಲ ತಮ್ಮದೇ ಲೇಖನಗಳನ್ನು ಪ್ರಕಟಿಸುತ್ತಾ ಬಂದರು. ಒಟ್ಟು ಸಂಖ್ಯೆ ಮುನ್ನೂರನ್ನು ದಾಟಿತ್ತು. ಗಣಿತಜ್ಞರ ವಲಯದಲ್ಲಿ ಈ ಬಗ್ಗೆ ಗುಸುಗುಸು ಇದ್ದೇ ಇತ್ತು, ಆದರೆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಚೆನ್ನಾಗಿತ್ತು. 2008ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆ ಇದನ್ನು ಬರೆದ ನಂತರ, 2009ರ ಆರಂಭದಲ್ಲಿ ಅವರು ಸ್ಥಾನದಿಂದ ಹೊರಬಂದರು. ಬಳಿಕ 'ನೇಚರ್' ವಿರುದ್ಧ ಲಂಡನ್ನಿನ ಹೈಕೋರ್ಟ್‌ನಲ್ಲಿ ಮಾನಹಾನಿ ದಾವೆ ಹೂಡಿದರು. 2012ರ ಜುಲೈನಲ್ಲಿ ನ್ಯಾಯಮೂರ್ತಿ ವಿಕ್ಟೋರಿಯಾ ಶಾರ್ಪ್ ದಾವೆಯನ್ನು ತಿರಸ್ಕರಿಸಿ, ವರದಿಯ ಆರೋಪಗಳು ಸಾರಾಂಶದಲ್ಲಿ ಸತ್ಯವೆಂದು ತೀರ್ಪಿತ್ತರು. ಸಂಪಾದಕರೊಬ್ಬರು ತಮ್ಮ ಲೇಖನಗಳನ್ನು ಸರಿಯಾದ ಪೀರ್ ರಿವ್ಯೂ (ವಿಷಯತಜ್ಞರ ಪರಿಶೀಲನೆ) ಇಲ್ಲದೆ ಪ್ರಕಟಿಸಿಕೊಂಡರೇ ಎಂಬುದನ್ನು ನ್ಯಾಯಾಲಯವೊಂದು ಇಷ್ಟು ವಿವರವಾಗಿ ವಿಚಾರಿಸಿದ್ದು ಅಪರೂಪ. ಆ ವಿಚಾರಣೆ ನಡೆದದ್ದಾದರೂ ಪ್ರಕಾಶಕರು ಕೇಳಿದ್ದರಿಂದಲ್ಲ, ಸಂಪಾದಕರೇ ದಾವೆ ಹಾಕಿದ್ದರಿಂದ. ಸತ್ಯ ಬರೆದ ಪತ್ರಿಕೆಯೂ ಮೂರು ವರ್ಷ ನ್ಯಾಯಾಲಯಕ್ಕೆ ಅಲೆಯಬೇಕಾಯಿತು ಎಂಬುದನ್ನು ಗಮನಿಸಿ.

ಇನ್ನೊಂದು, ಬೆಳವಣಿಗೆಯ ನ್ಯೂನತೆ ಮತ್ತು ಆಟಿಸಂ ಕುರಿತ ಎರಡು ಎಲ್ಸೆವಿಯರ್ ಜರ್ನಲ್‌ಗಳ ಸ್ಥಾಪಕ ಸಂಪಾದಕರಾಗಿದ್ದ, ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಜಾನಿ ಮ್ಯಾಟ್ಸನ್ ಅವರದು. 2015ರಲ್ಲಿ ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಡೊರೊತಿ ಬಿಷಪ್ ಅವರು ಯಾವ ಗುಟ್ಟಿನ ದಾಖಲೆಯನ್ನೂ ಹುಡುಕಿ ಹೋಗಲಿಲ್ಲ. ಪ್ರತಿ ಲೇಖನದ ಮೊದಲ ಪುಟದಲ್ಲಿ ಅಚ್ಚಾಗಿರುವ "ಸ್ವೀಕರಿಸಿದ ದಿನಾಂಕ" ಮತ್ತು "ಒಪ್ಪಿದ ದಿನಾಂಕ"ಗಳನ್ನು ಅಕ್ಕಪಕ್ಕ ಇಟ್ಟರು, ಅಷ್ಟೇ. ಸಂಪಾದಕರ ಹಲವು ಲೇಖನಗಳು ಬಂದ ದಿನವೋ ಮರುದಿನವೋ ಒಪ್ಪಿತವಾಗಿದ್ದವು. ಅಷ್ಟು ಸಮಯದಲ್ಲಿ ಯಾವ ರಿವ್ಯೂವರ್ ಏನನ್ನು ಓದಿಯಾರು? ಮ್ಯಾಟ್ಸನ್ ಅವರ 24 ಲೇಖನಗಳನ್ನು ಪ್ರಕಾಶಕರು ಹಿಂಪಡೆದದ್ದು 2023ರಲ್ಲಿ. ಹಿತಾಸಕ್ತಿಯನ್ನು ಘೋಷಿಸದಿರುವುದು ಹಾಗೂ ಪೀರ್ ರಿವ್ಯೂ ಕ್ರಮಬದ್ಧವಾಗಿ ನಡೆಯದಿರುವುದು ಕಾರಣಗಳಲ್ಲಿ ಸೇರಿದ್ದವು. ಮುಖಪುಟದಲ್ಲೇ ಅಚ್ಚಾಗಿದ್ದ ಸಾಕ್ಷ್ಯಕ್ಕೆ ಎಂಟು ವರ್ಷ ಹಿಡಿಯಿತು.

ಇಷ್ಟು ತಡವಾಗುವುದು ಏಕೆಂದರೆ, ಸಂಪಾದಕರ ಹೊಣೆಯನ್ನು ಕಟ್ಟಿರುವ ರೀತಿಯೇ ಹಾಗಿದೆ. ಸಂಪಾದಕರು ಸಾಮಾನ್ಯವಾಗಿ ಎಲ್ಲೋ ಒಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರ ಸಂಬಳ ಅಲ್ಲಿಂದ ಬರುತ್ತದೆ, ಜರ್ನಲ್‌ನಿಂದ ಗೌರವಧನ ಬಂದರೆ ಬರಬಹುದು. ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟರೆ, ಜರ್ನಲ್ ತಮ್ಮ ಆಡಳಿತಕ್ಕೆ ಒಳಪಟ್ಟಿಲ್ಲ ಎನ್ನುತ್ತಾರೆ. ಪ್ರಕಾಶಕರಿಗೆ ಕೊಟ್ಟರೆ, ಸಂಪಾದಕೀಯ ಸ್ವಾತಂತ್ರ್ಯದಲ್ಲಿ ಕೈಹಾಕುವುದಿಲ್ಲ ಎನ್ನುತ್ತಾರೆ. ಈ ಎರಡನೆಯ ಮಾತು ಪೂರ್ತಿ ನೆಪವೂ ಅಲ್ಲ: ವ್ಯಾಪಾರಿ ಪ್ರಕಾಶಕರು ಯಾವ ಲೇಖನ ಬರಬೇಕೆಂದು ನಿರ್ಧರಿಸತೊಡಗಿದರೆ ಅದು ಇನ್ನೂ ದೊಡ್ಡ ಅನಾಹುತ. ಇದೇ ಎಲ್ಸೆವಿಯರ್‌ನ ಆಸ್ಟ್ರೇಲಿಯಾ ಶಾಖೆಯು ಮರ್ಕ್ ಔಷಧ ಕಂಪನಿಯ ಹಣ ಪಡೆದು, ನೋಡಲು ವೈದ್ಯಕೀಯ ಜರ್ನಲ್‌ಗಳಂತಿದ್ದ ಪ್ರಚಾರ ಸಂಚಿಕೆಗಳನ್ನು ಹೊರತಂದಿದ್ದುದು 2009ರಲ್ಲಿ ಬಯಲಾಗಿತ್ತು. ಆದರೆ ಲೇಖನದ ಯೋಗ್ಯತೆಯನ್ನು ನಿರ್ಣಯಿಸುವ ಸ್ವಾತಂತ್ರ್ಯ ಬೇರೆ, ಲೇಖಕರಿಂದ ಉಲ್ಲೇಖಗಳನ್ನು ವಸೂಲಿ ಮಾಡುವ ಸಲಿಗೆ ಬೇರೆ. ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ರಕ್ಷಿಸುವಂತಿಲ್ಲ. ಅಂಕಿ ಏರಿದರೆ ಜರ್ನಲ್‌ನ ಬೆಲೆಯೂ ಏರುತ್ತದೆ. ಆ ಲಾಭವನ್ನು ಉಣ್ಣುವ ಪ್ರಕಾಶಕರೇ ವಿಚಾರಣೆಯ ಅಧಿಕಾರಿಯೂ ಆಗಿರುವುದು ಈ ವ್ಯವಸ್ಥೆಯ ಮೂಲ ದೋಷವೆಂದು ನನ್ನ ಅಭಿಪ್ರಾಯ.

ಸಂಪಾದಕರು, ಪ್ರಕಾಶಕರು ಇವರಿಬ್ಬರ ಮೇಲೆ ಇರುವ ಸಂಸ್ಥೆಯೆಂದು ಜನ ಹೆಸರಿಸುವುದು 'ಕೋಪ್' ಅನ್ನು, ಅಂದರೆ ಪ್ರಕಟಣಾ ನೀತಿಯ ಸಮಿತಿಯನ್ನು. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಸಂಪಾದಕರು ಆರಂಭಿಸಿದ ಈ ಸಂಸ್ಥೆಯಲ್ಲಿ ಇಂದು ಎಲ್ಲ ದೊಡ್ಡ ಪ್ರಕಾಶಕರೂ ಸದಸ್ಯರು. ಅದು ನ್ಯಾಯಾಲಯವಲ್ಲ, ನಿಯಂತ್ರಣ ಪ್ರಾಧಿಕಾರವೂ ಅಲ್ಲ. ಸದಸ್ಯ ಜರ್ನಲ್ ತನ್ನ ಕಾರ್ಯವಿಧಾನವನ್ನು ಸರಿಯಾಗಿ ಪಾಲಿಸಿತೇ ಎಂಬುದನ್ನಷ್ಟೇ ಅದು ನೋಡುತ್ತದೆ. ನಿಮ್ಮ ಲೇಖನ ಪ್ರಕಟಣೆಗೆ ಯೋಗ್ಯವಾಗಿತ್ತೇ ಎಂಬ ಪ್ರಶ್ನೆಗೆ ಅದು ಹೋಗುವುದೇ ಇಲ್ಲ. ಜರ್ನಲ್‌ಗೆ, ಬಳಿಕ ಪ್ರಕಾಶಕರಿಗೆ ದೂರು ಕೊಟ್ಟು, ಆ ದಾರಿಗಳು ಮುಗಿದ ಮೇಲೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಅದರ ಕೈಲಿರುವ ಅತ್ಯಂತ ಕಠಿಣ ಶಿಕ್ಷೆ ಸದಸ್ಯತ್ವದ ರದ್ದತಿ. ಹೀಗಿದ್ದರೂ ನಿಮ್ಮ ಪ್ರಕರಣಕ್ಕೆ ಅದು ಉಪಯುಕ್ತವೇ, ಏಕೆಂದರೆ ಉಲ್ಲೇಖಗಳನ್ನು ತಿರುಚುವುದರ ಬಗ್ಗೆ ಅದು 2019ರಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರತಂದಿದೆ. ಸದಸ್ಯ ಪ್ರಕಾಶಕರು ಅದನ್ನು ತಮಗೆ ಗೊತ್ತಿಲ್ಲ ಎನ್ನಲಾಗದು.

ಹಾಗಾದರೆ ದೂರನ್ನು ಹೇಗೆ ಬರೆಯಬೇಕು? ಬೇಡಿಕೆ ಇಟ್ಟವರು ಪ್ರಧಾನ ಸಂಪಾದಕರಲ್ಲದೆ ಸಹಸಂಪಾದಕರಾಗಿದ್ದರೆ ಮೊದಲು ಪ್ರಧಾನ ಸಂಪಾದಕರಿಗೆ ಬರೆಯಿರಿ. ಪ್ರಧಾನ ಸಂಪಾದಕರೇ ಆಗಿದ್ದರೆ ನೇರವಾಗಿ ಪ್ರಕಾಶಕರ ಸಂಶೋಧನಾ ಸಮಗ್ರತೆ ಅಥವಾ ಪ್ರಕಟಣಾ ನೀತಿ ವಿಭಾಗಕ್ಕೆ ಕಳುಹಿಸಿ. ಲೇಖನದ ಕ್ರಮಸಂಖ್ಯೆ, ಸಲ್ಲಿಸಿದ ದಿನಾಂಕ, ರಿವ್ಯೂವರ್‌ಗಳ ವರದಿ ಬಂದ ದಿನಾಂಕ, ಸಂಪಾದಕರ ಬೇಡಿಕೆಯ ಮೂಲ ವಾಕ್ಯ, ನಿಮ್ಮ ಪ್ರಶ್ನೆ, ತಿರಸ್ಕಾರ, ಇವು ಒಂದು ಪುಟದಲ್ಲಿ ಮುಗಿಯಬೇಕು. ನಿಮ್ಮ ಮನಸ್ಸಿಗಾದ ನೋವನ್ನು, ಕಳೆದುಹೋದ ಬಡ್ತಿಯ ಅವಕಾಶವನ್ನು ಅದರಲ್ಲಿ ಬರೆಯಬೇಡಿ. ಅವು ಸುಳ್ಳೆಂದಲ್ಲ, ಓದುವ ಅಧಿಕಾರಿಗೆ ಅವು ಪಕ್ಕಕ್ಕಿಡಲು ಸುಲಭವಾದ ಭಾಗ. ತಿರಸ್ಕಾರವನ್ನು ರದ್ದುಮಾಡಿ ಎಂದೂ ಕೇಳಬೇಡಿ. ಹಾಗೆ ಕೇಳಿದ ಕೂಡಲೇ ದೂರು "ಮೇಲ್ಮನವಿ" ಆಗಿಬಿಡುತ್ತದೆ, ಮತ್ತು ಮೇಲ್ಮನವಿಗಳು ಅದೇ ಸಂಪಾದಕರ ಮೇಜಿಗೆ ಮರಳುತ್ತವೆ. ಕೇಳಬೇಕಾದದ್ದು ಇಷ್ಟೇ: ಈ ಬೇಡಿಕೆ ನಿಮ್ಮ ನೀತಿಗೆ ಅನುಗುಣವಾಗಿದೆಯೇ, ಇದೇ ಸಂಪಾದಕರು ಇತರ ಲೇಖಕರಿಗೂ ಇಂಥದೇ ಬೇಡಿಕೆ ಇಟ್ಟಿದ್ದಾರೆಯೇ ಎಂದು ಪರಿಶೀಲಿಸಿ, ಫಲಿತಾಂಶವನ್ನು ತಿಳಿಸಿ. ಈ ಕೊನೆಯ ಕೋರಿಕೆಯೇ ಮುಖ್ಯ. ಲೇಖನ ಸಲ್ಲಿಕೆಯ ತಂತ್ರಾಂಶದಲ್ಲಿ ಸಂಪಾದಕರು ಬರೆದ ಪ್ರತಿಯೊಂದು ಪತ್ರವೂ ಉಳಿದಿರುತ್ತದೆ. ನಿಮ್ಮೊಬ್ಬರ ಪತ್ರ ಬಿಡಿ ಘಟನೆಯಾಗಿ ಕಂಡರೂ, ಅಲ್ಲಿ ಹುಡುಕಿದರೆ ಮೂವತ್ತು ಪತ್ರಗಳು ಸಿಗಬಹುದು. ಸಂಪಾದಕರ ಸ್ಥಾನವನ್ನು ಅಲುಗಾಡಿಸುವುದು ಆ ಮೂವತ್ತರ ಸಾಲೇ ಹೊರತು ಒಬ್ಬ ಲೇಖಕಿಯ ಅಳಲಲ್ಲ.

ಇದೇ ಪತ್ರದ ಪ್ರತಿಯನ್ನು ಕ್ಲಾರಿವೇಟ್‌ಗೆ ಮತ್ತು ಜರ್ನಲ್‌ಗಳನ್ನು ಪಟ್ಟಿಮಾಡುವ ಇನ್ನೊಂದು ಸೂಚಿಯಾದ ಸ್ಕೋಪಸ್‌ಗೆ ಕಳುಹಿಸುವುದಕ್ಕೂ ಅಡ್ಡಿಯಿಲ್ಲ. ಯಾರ ಮಾತಿಗೂ ಬಗ್ಗದ ಪ್ರಕಾಶಕರು ಸೂಚಿಯಿಂದ ಹೊರಬೀಳುವ ಭಯಕ್ಕೆ ಬಗ್ಗುತ್ತಾರೆ. 2021ರಲ್ಲಿ ವೈಲಿ ಕಂಪನಿ ಕೊಂಡುಕೊಂಡ ಹಿಂದಾವಿ ಸಂಸ್ಥೆಯ ಜರ್ನಲ್‌ಗಳಲ್ಲಿ, ವಿಶೇಷ ಸಂಚಿಕೆಗಳ ಅತಿಥಿ ಸಂಪಾದಕರ ಮೂಲಕ ಹಣ ಕೊಟ್ಟು ಬರೆಸಿದ ಲೇಖನಗಳು ಸಾಲುಗಟ್ಟಿ ಒಳಬಂದಿದ್ದವು. 2023ರ ಮಾರ್ಚ್‌ನಲ್ಲಿ ಆ ಸಂಸ್ಥೆಯ 19 ಜರ್ನಲ್‌ಗಳನ್ನು ಕ್ಲಾರಿವೇಟ್‌ನ ಸೂಚಿಯಾದ ವೆಬ್ ಆಫ್ ಸೈನ್ಸ್ ಕೈಬಿಟ್ಟಿತು; ಅದೇ ವರ್ಷ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಲಾಯಿತು, ವರ್ಷಾಂತ್ಯಕ್ಕೆ ಹಿಂದಾವಿ ಎಂಬ ಹೆಸರನ್ನೇ ಬಿಡುವುದಾಗಿ ವೈಲಿ ಪ್ರಕಟಿಸಿತು.

ಸಾಮಾಜಿಕ ಜಾಲತಾಣದಲ್ಲಿ ಸಂಪಾದಕರ ಹೆಸರು ಹಾಕಿ ಬರೆಯಲೇ ಎಂಬ ಯೋಚನೆ ನಿಮಗೆ ಬಂದಿದ್ದರೆ, ಸದ್ಯಕ್ಕೆ ಬೇಡ. ಇಂಗ್ಲೆಂಡ್ 2013ರ ಮಾನಹಾನಿ ಕಾಯ್ದೆಯಲ್ಲಿ ಪೀರ್ ರಿವ್ಯೂಗೆ ಒಳಪಟ್ಟ ವೈಜ್ಞಾನಿಕ ಬರಹಗಳಿಗೆ ಷರತ್ತುಬದ್ಧ ರಕ್ಷಣೆ ಕೊಟ್ಟಿದೆ. ನಮ್ಮ ಕಾನೂನಿನಲ್ಲಿ ಅಂಥ ಪ್ರತ್ಯೇಕ ರಕ್ಷಣೆ ಇಲ್ಲ, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿ ಇಂದಿಗೂ ಅಪರಾಧವೇ. ಅದೇ ಕಲಮು, ವ್ಯಕ್ತಿಯೊಬ್ಬರ ಮೇಲೆ ನ್ಯಾಯಬದ್ಧ ಅಧಿಕಾರವುಳ್ಳವರಿಗೆ ಸದ್ಭಾವನೆಯಿಂದ ದೂರು ಕೊಡುವುದಕ್ಕೆ ವಿನಾಯಿತಿ ಕೊಡುತ್ತದೆ. ಆದ್ದರಿಂದ ಮೊದಲು ದೂರು ಕೊಟ್ಟು ಉತ್ತರಕ್ಕೆ ಕಾಯುವುದು ವಿವೇಕದ ದಾರಿ.

ನಿಮ್ಮ ಜರ್ನಲ್ ವಿದೇಶದ್ದಾದ್ದರಿಂದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಪಾತ್ರ ಇಲ್ಲಿ ಅಷ್ಟಾಗಿ ಬರುವುದಿಲ್ಲ; ಆದರೂ ಇದೇ ತೊಂದರೆಯನ್ನು ನಮ್ಮ ಜರ್ನಲ್‌ಗಳಲ್ಲಿ ಎದುರಿಸುವವರಿಗಾಗಿ ಎರಡು ಮಾತು. ಕೃತಿಚೌರ್ಯ ತಡೆಯ 2018ರ ಯುಜಿಸಿ ನಿಯಮಾವಳಿ ವಿದ್ಯಾರ್ಥಿ, ಸಂಶೋಧಕ, ಅಧ್ಯಾಪಕರ ಕದ್ದ ಬರಹಕ್ಕೆ ಶೇಕಡಾವಾರು ಶಿಕ್ಷೆಗಳನ್ನು ನಿಗದಿಪಡಿಸುತ್ತದೆ, ಸಂಪಾದಕರ ದುರ್ನಡತೆಯನ್ನು ಮುಟ್ಟುವುದಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು, ವಿಶ್ವವಿದ್ಯಾಲಯಗಳ ಶಿಫಾರಸಿನ ಮೇಲೆ ಯುಜಿಸಿ ಪಟ್ಟಿ ಸೇರಿದ್ದ 1,009 ಜರ್ನಲ್‌ಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 88ರಷ್ಟು ಕಳಪೆಯಾಗಿರಬಹುದೆಂದು ತೋರಿಸಿದರು. ಮೇ ತಿಂಗಳಲ್ಲಿ 4,305 ಜರ್ನಲ್‌ಗಳು ಪಟ್ಟಿಯಿಂದ ಹೊರಬಿದ್ದವು, ಬಳಿಕ ಯುಜಿಸಿ-ಕೇರ್ ಪಟ್ಟಿ ಬಂತು. ಅದನ್ನೂ 2025ರ ಫೆಬ್ರವರಿಯ ಸೂಚನೆಯ ಮೂಲಕ ಕೈಬಿಟ್ಟು, ಜರ್ನಲ್‌ಗಳ ಯೋಗ್ಯತೆಯನ್ನು ತೂಗುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಬಿಡಲಾಗಿದೆ. ಪಟ್ಟಿಗೆ ನೂರು ದೋಷಗಳಿದ್ದವು, ಆದರೆ ಪಟ್ಟಿಯಿಂದ ಹೊರಹಾಕಿಸುವೆನೆಂಬ ಒಂದು ಹಿಡಿಕೆಯಾದರೂ ಲೇಖಕರ ಕೈಯಲ್ಲಿತ್ತು, ಈಗ ಅದಿಲ್ಲ. ವಿಶ್ವವಿದ್ಯಾಲಯವೇ ಪ್ರಕಾಶಕರಾಗಿರುವ ಜರ್ನಲ್ ಆದರೆ ಕುಲಸಚಿವರಿಗೆ ಬರೆಯಬೇಕು, ಏಕೆಂದರೆ ಅಲ್ಲಿ ಸಂಪಾದಕರ ಉದ್ಯೋಗದಾತರು ಮತ್ತು ಪ್ರಕಾಶಕರು ಒಬ್ಬರೇ. ಐಎಸ್‌ಎಸ್‌ಎನ್ ಕೇಂದ್ರಕ್ಕೆ ಬರೆಯುವುದರಿಂದ ಪ್ರಯೋಜನವಿಲ್ಲ. ಅದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆಯೇ ಹೊರತು ಗುಣಮಟ್ಟದ ಮುದ್ರೆಯಲ್ಲ. ಇನ್ನು ಜರ್ನಲ್ಲೇ ಬೋಗಸ್ ಆಗಿದ್ದರೆ ಅದು ಸಂಪಾದಕೀಯ ದುರ್ನಡತೆಯಲ್ಲ, ಗ್ರಾಹಕ ವಂಚನೆ. ಹೈದರಾಬಾದಿನ ಓಮಿಕ್ಸ್ ಸಂಸ್ಥೆಗೆ 2019ರಲ್ಲಿ ಅಮೆರಿಕದ ನ್ಯಾಯಾಲಯವು ಐದು ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತ ಕಟ್ಟುವಂತೆ ಆದೇಶಿಸಿದ್ದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಅಂಥ ಮೊಕದ್ದಮೆಯಲ್ಲಿ.

ವ್ಯವಸ್ಥೆಯಲ್ಲಿ ಒಂದೇ ಒಂದು ಬದಲಾವಣೆ ಕೇಳುವ ಅವಕಾಶ ಸಿಕ್ಕರೆ ನಾನು ಹೊಸ ಸಮಿತಿಯನ್ನು ಕೇಳುವುದಿಲ್ಲ. ಪ್ರತಿ ಲೇಖನದ ಮೇಲೆ ಅದನ್ನು ನಿರ್ವಹಿಸಿದ ಸಂಪಾದಕರ ಹೆಸರು ಅಚ್ಚಾಗಲಿ ಎನ್ನುತ್ತೇನೆ. ಬಹುಪಾಲು ಜರ್ನಲ್‌ಗಳು ಇದನ್ನು ಮಾಡುವುದಿಲ್ಲ. 'ಪ್ಲಾಸ್ ಒನ್' ಮಾಡುತ್ತದೆ. ಅದರಿಂದಾಗಿಯೇ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ, ಆ ಜರ್ನಲ್‌ನ ಸಾವಿರಾರು ಸಂಪಾದಕರಲ್ಲಿ ಕೇವಲ 45 ಮಂದಿ, ಒಟ್ಟು ಲೇಖನಗಳ ಶೇ. 1.3ರಷ್ಟನ್ನು ಮಾತ್ರ ನಿರ್ವಹಿಸಿದ್ದರೂ, ಹಿಂಪಡೆದ ಲೇಖನಗಳಲ್ಲಿ ಸುಮಾರು ಶೇ. 30ರಷ್ಟು ಅವರ ಕೈಯಿಂದಲೇ ಹಾದುಹೋಗಿದ್ದವು ಎಂದು ಲೆಕ್ಕಹಾಕಿ ತೋರಿಸಲು ಸಾಧ್ಯವಾಯಿತು. ಹೆಸರು ಮುಚ್ಚಿಟ್ಟಿರುವ ಜರ್ನಲ್‌ಗಳಲ್ಲಿ ಇದೇ ಲೆಕ್ಕವನ್ನು ಪ್ರಕಾಶಕರಲ್ಲದೆ ಬೇರೆ ಯಾರೂ ಹಾಕಲಾರರು.

ಕೊನೆಯದಾಗಿ, ಆರು ಲೇಖನಗಳನ್ನು ಸೇರಿಸಿಬಿಡಬೇಕಿತ್ತೇ ಎಂಬ ಪ್ರಶ್ನೆ. ಸೇರಿಸಿದ್ದರೆ ಲೇಖನ ಪ್ರಕಟವಾಗುತ್ತಿತ್ತು ಎನ್ನುವ ನಿಮ್ಮ ಸಹೋದ್ಯೋಗಿಗಳ ಮಾತು ಬಹುಶಃ ನಿಜ. ಅಂಥ ಸ್ಥಿತಿಯಲ್ಲಿ ಒಪ್ಪಿಕೊಂಡ ಕಿರಿಯ ಅಧ್ಯಾಪಕರನ್ನು ನಾನು ದೂಷಿಸುವುದಿಲ್ಲ, ಹೊಣೆ ಕೇಳಿದವರದು. ನೀವು ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದೇ: ಯಾವ ಲೇಖನ, ಏಕೆ? ಮುಂದೆಯೂ ಹಾಗೆಯೇ ಕೇಳಿ, ಆದರೆ ಜೊತೆಗೆ, ಸಂಬಂಧಪಟ್ಟ ಒಂದೆರಡು ಲೇಖನಗಳನ್ನು ನೀವೇ ಹುಡುಕಿ, ಓದಿ, "ಇವು ನನ್ನ ವಾದಕ್ಕೆ ಹೊಂದುತ್ತವೆ, ಉಳಿದವು ಹೊಂದುವುದಿಲ್ಲ" ಎಂದು ಬರೆದರೆ ತಿರಸ್ಕರಿಸುವುದು ಸಂಪಾದಕರಿಗೆ ಇನ್ನಷ್ಟು ಕಷ್ಟವಾಗುತ್ತದೆ. ತಿರಸ್ಕಾರದ ಪತ್ರ ಬಂದಿರುವುದರಿಂದ ಲೇಖನ ಈಗ ಸಂಪೂರ್ಣ ನಿಮ್ಮದು. ದೂರಿನ ಫಲಿತಾಂಶಕ್ಕೆ ಕಾಯದೆ, ಇಬ್ಬರು ರಿವ್ಯೂವರ್‌ಗಳು ಸೂಚಿಸಿದ ತಿದ್ದುಪಡಿಗಳನ್ನು ಮಾಡಿ ಈ ತಿಂಗಳೇ ಇನ್ನೊಂದು ಜರ್ನಲ್‌ಗೆ ಕಳುಹಿಸಿ, ಆದರೆ ಒಮ್ಮೆಗೆ ಒಂದೇ ಕಡೆಗೆ. ಮತ್ತೊಂದು ಮಾತು: ಆ ಪತ್ರಗಳೆಲ್ಲ ಕಾಲೇಜಿನ ಇಮೇಲ್ ಖಾತೆಯಲ್ಲಿದ್ದರೆ ದಿನಾಂಕ ಹಾಗೂ ವಿಳಾಸಗಳ ಸಮೇತ ಇಂದೇ ಪಿಡಿಎಫ್ ಮಾಡಿ ನಿಮ್ಮ ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಿ, ಇಂಥ ದೂರುಗಳು ವರ್ಷಗಟ್ಟಲೆ ಎಳೆಯುತ್ತವೆ, ಅಷ್ಟರಲ್ಲಿ ನಿಮಗೆ ವರ್ಗಾವಣೆಯಾಗಿ ಹಳೆಯ ಖಾತೆ ಮುಚ್ಚಿರಬಹುದು.